ಸಾವ್ಕಾರರ ಗಾದಿಯ ಮೇಲೆ ನಮ್ಮವನೊಬ್ಬ

ಮುಷ್ಕರ ಗೆದ್ದ ಮೇಲೆ ನನಗೆ ಸಿಕ್ಕ ಮೊದಲ ಫಲ ಕಾಲುನೋವು. ಬುದ್ಧಿ ಬಂದಾಗಿನಿಂದ ಕುಣಿಮಗ್ಗದಲ್ಲಿ ಕೂತವನು ನಾನು. ನೆಲ ಅಗೆದು ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗೆ ತುಳಿಯುತ್ತ, ಮೇಲೆ ಲಾಳಿ ಎಸೆಯುತ್ತ ಬೆಳೆದ ಮೈ ಇದು. ಅಂಥವನು ಸಾವ್ಕಾರರ ಪಡಸಾಲೆಯಲ್ಲಿ, ಹಾಲಿನಂಥ ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬೇಕಾಗಿ ಬಂದಾಗ ಎರಡೂ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಒಂದನ್ನು ಮಡಚಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಸಾವ್ಕಾರರ ಲೆಕ್ಕ ಬರೆಯುವ ಮುನೀಮ ಮೀಸೆಯೊಳಗೇ ನಗುತ್ತಿದ್ದ.

ಈಗಲೂ ಯಾರಾದರೂ ಕೇಳುತ್ತಾರೆ, ಅಷ್ಟು ತಿಂಗಳು ಮಗ್ಗ ನಿಲ್ಲಿಸಿ ಏನು ಗಳಿಸಿದಿರಿ ಎಂದು. ಒಬ್ಬ ಮನುಷ್ಯ ಕೂಡುವಷ್ಟು ಜಾಗ ಗಳಿಸಿದೆವು ಎಂದರೆ ನಗುತ್ತಾರೆ. ನನಗೆ ಸಿಟ್ಟು ಬರುತ್ತದೆ. ಮುಷ್ಕರವೆಂದರೆ ಮೆರವಣಿಗೆ, ಘೋಷಣೆ, ಕೊರಳಿಗೆ ಹಾರ ಎಂದು ತಿಳಿದವರಿಗೆ ಆ ಜಾಗದ ಬೆಲೆ ತಿಳಿಯುವುದಿಲ್ಲ. ನಾನು ಸಂಘದ ಕೆಲಸ ಮಾಡಿದವನು, ಭಾಷಣ ಸಾಕಷ್ಟು ಹೊಡೆದಿದ್ದೇನೆ. ಆದರೆ ಮುಷ್ಕರದ ನಿಜವಾದ ಪರೀಕ್ಷೆ ನಡೆದದ್ದು ಅದು ಮುಗಿದ ಮೇಲೆ, ಆ ಗಾದಿಯ ಮೇಲೆ.

ನಮ್ಮ ಇಳಕಲ್ಲಿನ ಕಸುಬು ಬಲ್ಲವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ನೂಲು ಸಾವ್ಕಾರರದು, ಮಗ್ಗ, ಮನೆ, ಕೈ ನಮ್ಮವು. ಸೀರೆ ನೇಯ್ದು ಮುಗಿದ ಮೇಲೆ ಅವರ ಪಡಸಾಲೆಗೆ ಒಯ್ಯಬೇಕು. ಅಲ್ಲಿ ಮುನೀಮ ಅದನ್ನು ಬಾಗಿಲ ಬೆಳಕಿಗೆ ಎದುರಾಗಿ ಕಟ್ಟಿದ ಬಿದಿರಿನ ಗಳುವಿನ ಮೇಲೆ ಇಳಿಬಿಟ್ಟು ನೋಡುತ್ತಿದ್ದ. ಎಳೆ ತಪ್ಪಿದೆ, ಅಂಚಿನ ದಡಿ ಸೊಟ್ಟಗಾಗಿದೆ, ಸೆರಗಿನ ಬಣ್ಣ ಮಂಕಾಗಿದೆ, ಹೀಗೆ ಏನಾದರೊಂದು ಹೇಳಿ ಇದ್ದಿಲಿನಿಂದ ಗೀಟೆಳೆದು ಎಸೆದರೆ ಮುಗಿಯಿತು. ಗೀಟು ಬಿದ್ದ ಸೀರೆಗೆ ಕೂಲಿ ಇಲ್ಲ. ಅದೇ ನಿನ್ನ ಕೂಲಿ, ಒಯ್ಯಿ ಎನ್ನುವುದು ಪದ್ಧತಿ. ನಾವು ಕಟ್ಟೆಯ ಕೆಳಗೆ, ಬೀದಿಯಲ್ಲಿ, ಕೈಕಟ್ಟಿ ನಿಂತಿರುತ್ತಿದ್ದೆವು. ಖರೆಯಾಗಿ ತಪ್ಪಿತ್ತೋ ಇಲ್ಲವೋ ಎಂದು ಹತ್ತಿರ ಹೋಗಿ ನೋಡುವ ಹಾಗೂ ಇರಲಿಲ್ಲ. ಮುನೀಮನಿಗೆ ಆಗದವರ ಸೀರೆಯಲ್ಲಿ ತಪ್ಪುಗಳು ಹೆಚ್ಚು ಇರುತ್ತಿದ್ದವು, ಅಷ್ಟು ನಮಗೆ ಗೊತ್ತಿತ್ತು.

ನಮ್ಮ ಬೇಡಿಕೆ ಒಂದೇ. ಸೀರೆ ನೋಡುವಾಗ ನೇಕಾರರ ಪೈಕಿ ಒಬ್ಬ ಗಾದಿಯ ಮೇಲೆ ಸಾವ್ಕಾರರ ಪಕ್ಕ ಕೂಡಬೇಕು. ಇಬ್ಬರೂ ಒಪ್ಪಿದರೆ ಅದು ತಪ್ಪು, ಇಲ್ಲವಾದರೆ ಇಲ್ಲ. ಇದನ್ನು ಕೇಳಿ ಸಾವ್ಕಾರರು ಎಲೆಯಡಿಕೆ ಉಗುಳಿ, "ನಾಳಿ ನನ್ನ ದೇವರ ಮನ್ಯಾಗೂ ಕೂಡ್ತೇವಿ ಅಂತೀರಿ" ಎಂದರು. ಅವತ್ತೇ ಮಗ್ಗ ನಿಂತವು.

ಯುಗಾದಿ ಕಳೆದ ಹೊಸತು. ಬೀದಿಯ ತುದಿಯಲ್ಲಿ ನಿಂತು ನಾನು ಕೂಗಿದೆ, ಒಂದೊಂದೇ ಮನೆಯ ಸದ್ದು ನಿಲ್ಲುತ್ತ ಹೋಯಿತು. ಎಸೆದ ಲಾಳಿ ಎಲ್ಲಿತ್ತೋ ಅಲ್ಲೇ ಬಿಟ್ಟು ಜನ ಹೊರಗೆ ಬಂದರು. ಆ ಉಮೇದಿನಲ್ಲಿ ಯಾರಿಗೂ ಹಾಸಿನ ನೆನಪಾಗಲಿಲ್ಲ. ಹಾಸೆಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಮಗ್ಗವನ್ನು ಬಹಳ ದಿನ ಬಿಡುವುದಾದರೆ ಅದನ್ನು ಸಡಿಲು ಬಿಡಬೇಕು, ಇಲ್ಲದಿದ್ದರೆ ಎಳೆ ಜಗ್ಗಿ ಕೆಡುತ್ತದೆ. ಆದರೆ ನಮ್ಮ ಬೀದಿಯಲ್ಲಿ ಹಾಸು ಸಡಿಲು ಬಿಡುವುದು ಮನೆಯಲ್ಲಿ ಸಾವಾದಾಗ ಮಾತ್ರ. ಸಡಿಲು ಬಿದ್ದ ಹಾಸು ಕಂಡರೆ ದಾರಿಯಲ್ಲಿ ಹೋಗುವವರು ಚಪ್ಪಲಿ ಕಳೆದು ಒಳಗೆ ಬಂದು, ಯಾರು ಹೋದರು ಎಂದು ಕೇಳುತ್ತಾರೆ.

ಮರುದಿನ ಯಾರೋ ಆ ಮಾತು ತೆಗೆದರು. ನಮ್ಮ ಎದುರು ಮನೆಯ ಅಜ್ಜ, ಬೀದಿಗೇ ಹಿರಿಯ ನೇಕಾರ, ಕಣ್ಣಿಗೆ ಮಂಜು ಕವಿದರೂ ನಾಲಿಗೆಗೆ ಮಂಜು ಕವಿಯದ ಮುದುಕ, ತನ್ನ ಕಟ್ಟೆಯಿಂದಲೇ ಗದರಿದ.

"ಯಾರ ಮನ್ಯಾಗ ಹೆಣ ಬಿದ್ದೈತಿ ಅಂತ ಸಡಲ ಬಿಡತೀರಲೇ? ನಾಲ್ಕ ದಿನದಾಗ ಸಾವ್ಕಾರ ಓಡಿ ಬರ್ತಾನ. ಜೀವಂತ ಮಗ್ಗಕ್ಕ ಸೂತಕ ಹಚ್ಚಬ್ಯಾಡ್ರಿ!"

ಯಾರೂ ಸಡಿಲು ಬಿಡಲಿಲ್ಲ. ನಾನೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಕೊನೆಯ ಸಲ ಹಾಸು ಸಡಿಲಾದದ್ದು ನನ್ನ ಅವ್ವ ತೀರಿಕೊಂಡಾಗ. ಅದನ್ನು ಮತ್ತೆ ನೋಡುವ ಮನಸ್ಸು ನನಗಿರಲಿಲ್ಲ.

ಸಾವ್ಕಾರರು ಓಡಿ ಬರಲಿಲ್ಲ. ಬಿಸಿಲು ಏರಿತು, ಬಾವಿ ಇಳಿದವು, ಮುಂಗಾರು ಬಂತು, ಅವರು ಬರಲೇ ಇಲ್ಲ. ಗಂಡಸರು ಕಲ್ಲು ಒಡೆಯಲು ಹೋದರು, ರಸ್ತೆಯ ಕೆಲಸಕ್ಕೆ ಹೋದರು. ರೇಶಿಮೆ ಎಳೆ ಹಿಡಿಯುವ ಬೆರಳುಗಳು ಸುತ್ತಿಗೆ ಹಿಡಿದು ಬೊಬ್ಬೆ ಎದ್ದವು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವರು ಚಕ್ಕಡಿಯಲ್ಲಿ ಜೋಳ ಕಳಿಸಿದರು. ನಿಮ್ಮ ಸೀರೆ ಇಲ್ಲದೆ ನಮ್ಮ ಖಣ ಯಾರು ಕೇಳುತ್ತಾರೆ ಎಂದು ಚಕ್ಕಡಿಯವನು ತಮಾಷೆ ಮಾಡಿದ. ನಗುವಷ್ಟು ತ್ರಾಣ ನಮ್ಮಲ್ಲಿ ಉಳಿದಿರಲಿಲ್ಲ. ನನ್ನ ಹೆಂಡತಿಯ ತವರು ಬಾದಾಮಿ. ಅವಳು ನಮ್ಮ ಕೂಸನ್ನು ಅಲ್ಲಿ ಬಿಟ್ಟು ತಾನೊಬ್ಬಳೇ ತಿರುಗಿ ಬಂದಳು. ನೀನೂ ಅಲ್ಲೇ ಇರಬಾರದಿತ್ತೇ ಎಂದರೆ, "ಕುಣ್ಯಾಗ ಹಲ್ಲಿ ಮನಿ ಮಾಡ್ಯಾವ. ಯಾರರೆ ಒಬ್ಬರು ಕಾಯಬೇಕಲ್ಲ" ಎಂದು ಬೇರೆ ಕಡೆ ಮುಖ ಮಾಡಿದಳು. ಕೂಸಿನ ತೊಟ್ಟಿಲ ಹಗ್ಗವನ್ನು ಅವಳು ಬಿಚ್ಚಲಿಲ್ಲ.

ಮಗ್ಗದ ಊರಿನಲ್ಲಿ ಮುಷ್ಕರ ಮುರಿಯುವವನಿಗೆ ಅಡಗುವ ಜಾಗ ಇಲ್ಲ. ಒಂದು ಮಗ್ಗ ಆಡಿದರೆ ಇಡೀ ಬೀದಿಗೆ ಕೇಳುತ್ತದೆ. ಆದ್ದರಿಂದ ಎಲ್ಲರ ಕಿವಿಯೂ ಯಾವಾಗಲೂ ಎದ್ದೇ ಇರುತ್ತಿತ್ತು. ಬಾಗಿಲು ಬಡಿದರೂ, ಒಳಕಲ್ಲು ತಿರುಗಿದರೂ ಜನ ಬೀದಿಗೆ ಬಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹೀಗಿರುವಾಗ, ಮುಂಗಾರಿಗೆ ಮೊದಲು, ಒಂದು ಮಧ್ಯಾಹ್ನ ಸುಡು ಬಿಸಿಲಿನಲ್ಲಿ ಮಗ್ಗದ ಸದ್ದು ಕೇಳಿತು. ಲಟಕ್, ಲಟಕ್. ಅನುಮಾನವೇ ಇಲ್ಲ. ಗಂಡಸರು ಕೈಗೆ ಸಿಕ್ಕದ್ದನ್ನು ಹಿಡಿದು ಹೊರಗೆ ಬಂದರು. ಒಬ್ಬನ ಕೈಯಲ್ಲಿ ಒನಕೆ ಇತ್ತು. ಸದ್ದು ಬರುತ್ತಿದ್ದದ್ದು ಅಜ್ಜನ ಮನೆಯಿಂದ.

ನಾನು ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದೆ. ನಾನು ತಡೆಯದಿದ್ದರೆ ಆ ಒನಕೆ ಎಲ್ಲಿ ಬೀಳುತ್ತಿತ್ತೋ. ಅಜ್ಜ ಕುಣಿಯಲ್ಲಿ ಕಾಲು ಬಿಟ್ಟು ಕೂತು ತುಳಿಯುತ್ತಿದ್ದ. ಲಾಳಿ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಒಂದೆಳೆಯನ್ನೂ ನೇಯ್ದಿರಲಿಲ್ಲ, ಬರೇ ಮಗ್ಗ ಆಡಿಸುತ್ತಿದ್ದ.

"ಏನ ನೋಡ್ತೀರಿ?" ಎಂದ. "ಕಾಲ ಹಿಡಕೊಂಡಾವು. ತುಳೀದಿದ್ರ ಏಳಾಕ ಆಗವಲ್ದು. ಕಾಲೂ ಮುಷ್ಕರ ಹೂಡ್ಯಾವ, ಅದಕ್ಕೂ ನಿಮ್ಮ ಸಂಘದ್ದ ಅಪ್ಪಣಿ ಬೇಕೇನು?"

ಒನಕೆಯವನು ಬಾಗಿಲಲ್ಲೇ ಕುಸಿದು ಕೂತು ಅಳತೊಡಗಿದ. ಅವನ ಅಳು ಕಂಡು ಅಜ್ಜ ಅವನನ್ನೇ ಬೈದ. ಹೊಡೆದೇ ಬಿಡುತ್ತಿದ್ದೆವಲ್ಲ ಎಂಬ ಹೆದರಿಕೆ ನಮ್ಮೆಲ್ಲರ ಮೈಯಲ್ಲಿ ಬಹಳ ದಿನ ಇತ್ತು.

ಶ್ರಾವಣ ಹತ್ತಿರ ಬಂದಾಗ ಸಾವ್ಕಾರರ ಗೋದಾಮು ಖಾಲಿಯಾಯಿತು. ನಾಗರ ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುತ್ತಾರೆ, ಹೊಸ ಸೀರೆ ಬೇಕು, ಬಾಗಲಕೋಟೆಯ ಪೇಟೆ ಕೇಳುತ್ತಿತ್ತು. ಹುನಗುಂದದ ತಾಲೂಕು ಕಚೇರಿಯಿಂದ ಕರೆ ಬಂತು. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಹೊಸತು; ಅಧಿಕಾರಿ ಮೈಸೂರು ಕಡೆಯವರು. "ದಯವಿಟ್ಟು ತಾವೆಲ್ಲರೂ ಕುಳಿತುಕೊಳ್ಳಿ" ಎಂದರು. ನಮ್ಮಲ್ಲಿ ಹಾಗೆ ಮಾತಾಡುವುದು ನಾಟಕದಲ್ಲಿ ರಾಜ ಮಾತ್ರ, ಹಾಗಾಗಿ ನಾವು ಇನ್ನೂ ನೆಟ್ಟಗೆ ನಿಂತೆವು. ಆದರೆ ಮನುಷ್ಯ ಒಳ್ಳೆಯವರು. ಸಂಜೆಯವರೆಗೆ ಇಬ್ಬರ ಜಗಳ ಕೇಳಿ ಕೊನೆಗೆ ಕರಾರು ಬರೆಸಿದರು. ನೇಕಾರರು ಆರಿಸಿದ ಒಬ್ಬ ಗಾದಿಯ ಮೇಲೆ ಕೂಡಬೇಕು, ಅವನು ಒಪ್ಪದೆ ಗೀಟು ಎಳೆಯಬಾರದು. ಯಾರನ್ನು ಆರಿಸಬೇಕೆಂಬುದು ಅವರಿಗೇ ಬಿಟ್ಟದ್ದು. ಸಾವ್ಕಾರರಿಗೂ ಅವನಿಗೂ ಮಾತು ಕೂಡದಿದ್ದರೆ ಬಾಗಲಕೋಟೆಯ ಹಿರಿಯ ಬಟ್ಟೆ ವ್ಯಾಪಾರಿಯೊಬ್ಬರು ಬಂದು ಸೀರೆ ನೋಡಬೇಕು. ನೇಕಾರರ ಮನುಷ್ಯ ಎದ್ದು ಕಾಣುವ ತಪ್ಪನ್ನು ಮುಚ್ಚಿದ್ದಾನೆಂದು ಅವರು ಹೇಳಿದರೆ ಆ ಜಾಗ ಅಲ್ಲಿಗೆ ರದ್ದು.

ಕೊನೆಯ ಮಾತನ್ನು ಬರೆಸಿದವರು ಸಾವ್ಕಾರರು. ನನಗೆ ಅದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ನಾವು ಸುಳ್ಳು ಹೇಳಲು ಜಾಗ ಕೇಳಿರಲಿಲ್ಲವಲ್ಲ. ಹುನಗುಂದದಿಂದ ಮರಳಿ ಮೋಟಾರು ಇಳಿದಾಗ ಬೀದಿಯೇ ಎದುರು ಬಂದಿತ್ತು. ಅಜ್ಜ ನನ್ನ ಕೆನ್ನೆ ಹಿಂಡಿ, "ಗಾದಿ ಮ್ಯಾಲ ಕುಂತ ಮ್ಯಾಲ ನಮ್ಮನ್ನ ಗುರ್ತ ಹಿಡೀತಿ ಇಲ್ಲಲೇ?" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕ.

ಮರುದಿನ ಬೆಳಗ್ಗೆ ಎಲ್ಲ ಮಗ್ಗಗಳೂ ಒಟ್ಟಿಗೆ ಎದ್ದವು. ಆ ಸದ್ದು ಕೇಳಿ ಕಣ್ಣು ತುಂಬಿ ಬಂದದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಗಾದಿಗೆ ಕೂಡಲು ಜನ ನನ್ನನ್ನೇ ಆರಿಸಿದ್ದರಿಂದ ನಮ್ಮ ಮನೆಯ ಮಗ್ಗಕ್ಕೆ ಹೆಂಡತಿ ಕೂತಳು. ದಾಳಿಂಬೆ ಬಣ್ಣದ ಸೀರೆ, ನಾನು ಅರ್ಧ ನೇಯ್ದು ಬಿಟ್ಟದ್ದು. ಅವಳು ಗೇಣಿನಷ್ಟು ನೇಯ್ದು ಸದ್ದು ನಿಲ್ಲಿಸಿದಳು. ಕರೆದಳು. ಏನು ಎಂದರೆ ಬೆರಳು ತೋರಿಸಿದಳು.

ಸೀರೆಯ ಅಡ್ಡಕ್ಕೆ, ಈ ದಡಿಯಿಂದ ಆ ದಡಿಯವರೆಗೆ, ಒಂದು ಬಿಳಚು ಗೆರೆ. ಕೂದಲಿನಷ್ಟೇ ತೆಳು. ಬಿಗಿದು ನಿಂತ ಹಾಸು ಬಿಸಿಲಿಗೆ ಜಗ್ಗಿ, ಮಳೆಗಾಲದಲ್ಲಿ ಕುಣಿಯ ತಂಪಿಗೆ ಮೆತ್ತಗಾಗಿ, ಲಾಳಿ ನಿಂತ ಜಾಗದಲ್ಲಿ ಎಳೆಗಳು ದಾರಿ ಬಿಟ್ಟಿದ್ದವು. ಗೆರೆಯ ಈಚೆ ನನ್ನ ಕೈ, ಆಚೆ ಅವಳ ಕೈ. ಅವಳು ಉಗುರಿನಿಂದ ಕೆರೆದು ಕೂಡಿಸಿ ನೋಡಿದಳು, ನೀರು ಚಿಮುಕಿಸಿ ನೋಡಿದಳು. ಗೆರೆ ಹೋಗಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಒಂದೊಂದೇ ಮಗ್ಗದ ಸದ್ದು ನಿಲ್ಲತೊಡಗಿತ್ತು. ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಮುಷ್ಕರ ಶುರುವಾದಾಗ ಮಗ್ಗದ ಮೇಲಿದ್ದ ಪ್ರತಿ ಸೀರೆಯಲ್ಲೂ ಅದೇ ಗೆರೆ.

ಅಜ್ಜನ ಕಟ್ಟೆಯ ಮುಂದೆ ಜನ ಸೇರಿದರು. ಹಾಸು ಸಡಿಲು ಬಿಡಬೇಡಿ ಎಂದವನು ಅಜ್ಜ, ಆದರೆ ಯಾರೂ ಅವನ ಮೇಲೆ ಹರಿಹಾಯಲಿಲ್ಲ. ಯಾರಿಗೂ ಬಿಡುವ ಮನಸ್ಸಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಜನರಿಗೆ ದೊಡ್ಡ ಚಿಂತೆಯೂ ಇದ್ದಂತಿರಲಿಲ್ಲ.

"ಗಾದಿ ಮ್ಯಾಲ ನಮ್ಮಾಂವ ಅದಾನಲ್ಲ," ಎಂದ ಒನಕೆಯವನು. "ತಪ್ಪಿಲ್ಲ ಅಂದ್ರ ಮುಗೀತು. ಅದಕ್ಕಂತನ ಅಲ್ಲೇನು ಇಷ್ಟ ದಿನ ಉಪಾಸ ಬಿದ್ದದ್ದು?"

"ಬಾಗಲಕೋಟಿಯಿಂದ ಕರಸ್ತಾರ. ಅವರಿಗೆ ಗೆರಿ ಕಾಣಸ್ತೈತಿ," ಎಂದೆ. "ಆಮ್ಯಾಲ ಜಾಗಾ ಹೋಗ್ತೈತಿ. ಮತ್ತ ಬೀದ್ಯಾಗ ನಿಂದರಬೇಕಾಗ್ತೈತಿ."

"ಆಮ್ಯಾಲಿಂದು ಆಮ್ಯಾಲ. ಇವತ್ತ ಮನ್ಯಾಗ ಹಿಟ್ಟಿಲ್ಲ," ಎಂದ ಅವನು.

ಹಸಿದವನ ಮುಂದೆ ಮುಂದಿನ ವರ್ಷದ ಮಾತು ಆಡುವವನಿಗೆ ಚಪ್ಪಲಿಯಿಂದ ಹೊಡೆಯಬೇಕು ಎಂದು ನಾನೇ ಎಷ್ಟೋ ಸಲ ಭಾಷಣದಲ್ಲಿ ಹೇಳಿದ್ದೆ. ಅಜ್ಜ ತನ್ನ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ ಕೂತಿದ್ದ. ನಾನು ಏನು ಹೇಳುತ್ತೇನೆಂದು ಅಂದು ನನಗೇ ಗೊತ್ತಿರಲಿಲ್ಲ. ತಪ್ಪಿದೆ ಎನ್ನಲು ಹೋದರೆ ಆ ಮನೆಗಳ ಖಾಲಿ ಗಡಿಗೆಗಳು ಕಾಣುತ್ತಿದ್ದವು, ತಪ್ಪಿಲ್ಲ ಎನ್ನಲು ಹೋದರೆ ಮುನೀಮನ ನಗು.

ಮನೆಗೆ ಬಂದರೆ ಹೆಂಡತಿ ಸೆರಗು ಮುಗಿಸುವ ಗಡಿಬಿಡಿಯಲ್ಲಿದ್ದಳು. ಇಷ್ಟು ಅವಸರ ಯಾಕೆ ಎಂದೆ.

"ಮೊದ್ಲನೇ ಸೀರಿ ನಂದ ಆಗಬೇಕು," ಎಂದಳು. "ಮಂದೀದು ಮೊದ್ಲ ಬಂದ್ರ, ತಪ್ಪ ಅಂದ್ರೂ ನಿನ್ನ ಬೈತಾರ, ಇಲ್ಲ ಅಂದ್ರೂ ಸಾವ್ಕಾರ ಬೈತಾನ. ನಂದ ಬಂದ್ರ ಬೈಯಾಕ ನಾ ಒಬ್ಬಾಕಿ."

ನಮ್ಮಲ್ಲಿ ಹೆಂಗಸರು ಸೀರೆ ಒಯ್ಯುವ ಪದ್ಧತಿ ಇರಲಿಲ್ಲ. ಅವಳು ಒಯ್ದಳು. ನಾನು ಗಾದಿಯ ಮೇಲೆ ಮೊಣಕಾಲುಗಳ ಜೊತೆ ಗುದ್ದಾಡುತ್ತ ಕೂತಿದ್ದಾಗ, ಕಟ್ಟೆಯ ಕೆಳಗೆ ಜನರ ಮುಂದೆ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿ, ಸೀರೆಯನ್ನು ಮೇಲೆ ಚಾಚಿದಳು. ಮುನೀಮ ಅದನ್ನು ಗಳುವಿನ ಮೇಲೆ ಇಳಿಬಿಟ್ಟ. ಬೆಳಕು ಅದರ ಹಿಂದಿನಿಂದ ಬಂತು. ಗೆರೆ ಕಂಡಿತು.

ಮುನೀಮ ಬಾಯಿ ತೆರೆದ. ಸಾವ್ಕಾರರು ಕೈ ಎತ್ತಿ ಅವನನ್ನು ತಡೆದರು. ನನ್ನ ಕಡೆ ಬಾಗಿ, ಮನೆಯ ಅಳಿಯನನ್ನು ಮಾತಾಡಿಸುವಷ್ಟು ಮೆತ್ತಗೆ, "ಇಂದಿನಿಂದ ನೀವ ಮೊದ್ಲ ಹೇಳಬೇಕ್ರಿ. ಹೇಳ್ರಿ" ಎಂದರು. ಬಾಗಲಕೋಟೆಯ ವ್ಯಾಪಾರಿ ಅಂದೇ ಊರಿಗೆ ಬಂದು ಅವರ ಒಳಮನೆಯಲ್ಲಿ ಊಟಕ್ಕೆ ಕೂತಿದ್ದಾರೆಂದು ನನಗೆ ಆಮೇಲೆ ತಿಳಿಯಿತು. ಆಗ ಅದು ಗೊತ್ತಿರಲಿಲ್ಲ. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ಗಾದಿಯ ಮೇಲಿನ ಒಂದು ಸುಕ್ಕನ್ನು ನೋಡಿದೆ.

"ತಪ್ಪ ಐತಿ," ಎಂದೆ.

ಸಾವ್ಕಾರರ ಮುಖ ನೋಡಬೇಕಿತ್ತು. ಹಿಡಿಯಲು ಒಡ್ಡಿದ ಬಲೆಯಲ್ಲಿ ಏನೂ ಬೀಳದ ಬೇಟೆಗಾರನ ಹಾಗೆ ಬಾಯಿ ಅರ್ಧ ತೆರೆದೇ ಇತ್ತು. ಆಮೇಲೆ ಚೇತರಿಸಿಕೊಂಡು, "ನೀವ ಅಂದ್ರಿ, ನಾ ಅಂದಿಲ್ಲ" ಎಂದರು. ಕೆಳಗೆ ಒಮ್ಮೆಲೇ ಗದ್ದಲ ಎದ್ದಿತು. ಮನೆಮುರುಕ ಎಂದರು, ಸಾವ್ಕಾರನ ಬೂಟು ನೆಕ್ಕುವವನು ಎಂದರು. ಸಾವ್ಕಾರರು ಬೂಟು ಹಾಕುತ್ತಿರಲಿಲ್ಲ, ಆದರೆ ಅದನ್ನು ಹೇಳುವ ಹೊತ್ತು ಅದಲ್ಲ. ಯಾರೋ ಎಸೆದ ಸಗಣಿ ಗಾದಿಯ ಅಂಚಿಗೆ ಬಿತ್ತು. ನನ್ನ ಹೆಂಡತಿ ಗೀಟು ಬಿದ್ದ ಸೀರೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಹಿಂದೆ ತಿರುಗದೆ ಹೋದಳು.

ಮನೆಯಲ್ಲಿ ಅವಳು ಅತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು.

"ತಪ್ಪ ಅಂದದ್ದಕ್ಕ ನನಗ ಸಿಟ್ಟಿಲ್ಲ," ಎಂದಳು. "ಗೆರಿ ನನಗೂ ಕಾಣಸ್ತೈತಿ. ಆದ್ರ ಹೇಳೂದಾದ್ರ ನನ್ನ ಮಾರಿ ನೋಡಿ ಹೇಳಬೇಕಿತ್ತು."

ಆ ವಾರ ನಮ್ಮ ಬೀದಿಯಲ್ಲಿ ಬದುಕುವುದು ಮುಷ್ಕರಕ್ಕಿಂತ ಕಷ್ಟವಾಯಿತು. ಸಾವ್ಕಾರರ ಜೊತೆ ಜಗಳವಾಡುವಾಗ ಬೆನ್ನ ಹಿಂದೆ ಬೀದಿ ಇತ್ತು. ಈಗ ಬೀದಿಯೇ ಎದುರಿಗೆ. ಬಾವಿಯಲ್ಲಿ ನನ್ನ ಹೆಂಡತಿಯ ಕೊಡ ಕಂಡರೆ ಬೇರೆಯವರು ತಮ್ಮ ಕೊಡ ಎತ್ತಿಕೊಳ್ಳುತ್ತಿದ್ದರು. ನಮ್ಮ ಬಾಗಿಲಿಗೆ ಯಾರೋ ಇದ್ದಿಲಿನಿಂದ ಗೀಟು ಎಳೆದು ಹೋದರು. ನಾನು ಸಿಟ್ಟಿನವನು, ಒಬ್ಬೊಬ್ಬರನ್ನೂ ಹಿಡಿದು ಜಗಳ ತೆಗೆದೆ. ಏನೂ ಉಪಯೋಗವಾಗಲಿಲ್ಲ. ನಾನು ಹೇಳಿದ್ದು ಸರಿ ಎಂದು ಇಂದಿಗೂ ಅನ್ನುತ್ತೇನೆ. ಆದರೆ ಸರಿ ಇದ್ದವನಿಗೆ ನಿದ್ದೆ ಬರುತ್ತದೆ ಎನ್ನುವವರು ಆ ವಾರ ನಮ್ಮ ಮನೆಗೆ ಬರಬೇಕಿತ್ತು.

ಜನ ಸೇರಿ ನನ್ನನ್ನು ಗಾದಿಯಿಂದ ಇಳಿಸಿದರು. ಯಾರನ್ನು ಕೂಡಿಸಬೇಕೆಂಬುದು ನೇಕಾರರಿಗೇ ಬಿಟ್ಟದ್ದಲ್ಲವೇ, ಅವರು ಅಜ್ಜನನ್ನು ಆರಿಸಿದರು. ಆರಿಸಿದ ಕಾರಣವನ್ನು ಮುಚ್ಚಿಡಲೂ ಇಲ್ಲ. ಒನಕೆಯವನೇ ಬಂದು ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದ.

"ಅಜ್ಜಗ ಕಣ್ಣ ಮಂಜು. ಗೆರಿ ಕಾಣವಲ್ದು ಅಂದ್ರ ಅದೇನ ಸುಳ್ಳಲ್ಲ. ಬಾಗಲಕೋಟಿಯವರು ಬಂದ್ರೂ ಮುದುಕಗ ಕಾಣಸೂದಿಲ್ಲ ಅಂತ ಬಿಡತಾರ. ಜಾಗಾನೂ ಉಳೀತೈತಿ, ಸೀರೀನೂ ಉಳೀತಾವ. ನಿನ್ನಂಗ ಶಾಣ್ಯಾ ಆಗೂದು ಬ್ಯಾಡ."

ಉಪಾಯ ಒಳ್ಳೆಯದೇ ಇತ್ತು. ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ನನಗೇ ಅನ್ನಿಸಿತು. ನಾನು ಸೋತೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ಒಳಗೊಳಗೇ ಹಗುರಾಯಿತು. ಆ ಮನೆಗಳಿಗೆ ಕೂಲಿ ಬರುವುದಾದರೆ ನಾನು ಮನೆಮುರುಕನಾಗಿ ಉಳಿದರೂ ಆಗಲಿ ಎನ್ನಿಸಿತು.

ಮರುದಿನ ಇಡೀ ಬೀದಿ ಸಾವ್ಕಾರರ ಮನೆಯ ಮುಂದೆ ನೆರೆಯಿತು. ನಾನು ಎಲ್ಲರಿಗಿಂತ ಹಿಂದೆ ನಿಂತೆ. ಇಬ್ಬರು ಹಿಡಿದು ಅಜ್ಜನನ್ನು ಗಾದಿಯ ಮೇಲೆ ಕೂಡಿಸಿದರು. ಅವನ ಕಾಲೂ ಮಡಚಲಿಲ್ಲ, ಮುಂದಕ್ಕೆ ಚಾಚಿದ. ಅವನ ಪಾದ ಸಾವ್ಕಾರರ ಕಡೆಗಿತ್ತು. ಸಾವ್ಕಾರರು ಸ್ವಲ್ಪ ಸರಿದು ಕೂತರು. ಅಂದಿನ ಮೊದಲ ಸೀರೆ ಅಜ್ಜನ ಮನೆಯದೇ. ನವಿಲುಗೊರಳಿನ ಹಸಿರು, ಕೆಂಪು ರೇಶಿಮೆಯ ಸೆರಗು. ಅಜ್ಜನ ಸೊಸೆ ರಾತ್ರಿ ಹಗಲು ಕೂತು ಮುಗಿಸಿದ್ದಳು. ಮುನೀಮ ಅದನ್ನು ಬೆಳಕಿಗೆ ಇಳಿಬಿಟ್ಟ.

"ಹೇಳ್ರಿ ಅಜ್ಜಾರ," ಎಂದರು ಸಾವ್ಕಾರರು. "ಕಾಣಸ್ತೈತೇನ್ರಿ ಏನರೆ?"

ಅಜ್ಜ ಹೇಳಬೇಕಾದದ್ದು ಒಂದೇ ಮಾತು. ಜನರೆಲ್ಲ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ನಿಂತಿದ್ದರು. ಅವನು ಕಣ್ಣು ಕಿರಿದು ಮಾಡಿದ. ನಂತರ, ಯಾರೂ ಕೇಳದಿದ್ದರೂ, ಕೈಯೂರಿ ಎದ್ದ. ಒಬ್ಬನೇ ಎದ್ದ. ಗಳುವಿನ ಹತ್ತಿರ ಹೋಗಿ ಸೀರೆಗೆ ಮೂಗು ತಾಗುವಷ್ಟು ಹತ್ತಿರ ನಿಂತ. ಮೇಲಿನಿಂದ ಕೆಳಗೆ, ಇಂಚು ಇಂಚಾಗಿ, ಮುಖ ಇಳಿಸುತ್ತ ಬಂದ. ಒಂದು ಕಡೆ ಮುಖ ನಿಂತಿತು.

"ಕಾಣ್ತು," ಎಂದ ಅಜ್ಜ.

ಅಜ್ಜ ಬೀದಿಯ ಕಡೆ ತಿರುಗಿದ.

"ಕಾಣವಲ್ದು ಅನ್ನಬೇಕಂತನ ಬಂದಿದ್ದೆ," ಎಂದ. "ಹಾಳಾದ ಕಣ್ಣು, ಮಾರಿ ಕಾಣೂದಿಲ್ಲ, ರೊಟ್ಟಿ ಕಾಣೂದಿಲ್ಲ, ಇದು ಕಾಣ್ತೋ! ತಪ್ಪ ಐತಿ. ನನ್ನ ಸೀರ್ಯಾಗ ತಪ್ಪ ಐತಿ."

ಅಂದು ಯಾರೂ ಸಗಣಿ ಎಸೆಯಲಿಲ್ಲ. ಮುನೀಮ ನಗಲು ಶುರು ಮಾಡಿದವನು ಸಾವ್ಕಾರರ ಮುಖ ನೋಡಿ ನಿಲ್ಲಿಸಿದ. ಅಜ್ಜ ಗಾದಿಗೆ ಮರಳಿ ಹೋಗಲಿಲ್ಲ. ಕಟ್ಟೆಯ ಅಂಚಿಗೆ ಬಂದು, ತಲೆಗಳ ಮೇಲಿನಿಂದ ಗಾಳಿಯಲ್ಲಿ ಹುಡುಕುವವನಂತೆ ಕೂಗಿದ.

"ಎಲ್ಲದಾನ ಆಂವ? ಬಾರಲೇ, ಬಂದು ಕೂಡು. ನನ್ನ ಕಾಲು ಇಲ್ಲಿ ಮಡಚಂಗಿಲ್ಲ."

ಜನ ನನಗೆ ದಾರಿ ಬಿಟ್ಟರು. ಒನಕೆಯವನು ನನ್ನ ಮುಖ ನೋಡಲಿಲ್ಲ, ಆದರೆ ಕಟ್ಟೆ ಹತ್ತುವಾಗ ನನ್ನ ಮೊಣಕೈಗೆ ಆಸರೆ ಕೊಟ್ಟ. ಕತೆಯಲ್ಲಾದರೆ ಸಾವ್ಕಾರರು ಮನಸ್ಸು ಕರಗಿ ಗೆರೆ ಬಿದ್ದ ಸೀರೆಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಳ್ಳಲಿಲ್ಲ. ಎಲ್ಲವೂ ಗೀಟು ಬಿದ್ದು ಮನೆಗೆ ಬಂದವು. ಆ ವರ್ಷ ಪಂಚಮಿಯಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಜೋಕಾಲಿ ಆಡಿದರು, ಅಡುಗೆ ಮನೆಯಲ್ಲಿ ಉಂಡಿ ಕಟ್ಟಲು ಬೆಲ್ಲ ಇರಲಿಲ್ಲ. ನನ್ನ ಹೆಂಡತಿ ದಾಳಿಂಬೆ ಬಣ್ಣದ್ದನ್ನು ಉಟ್ಟು ಕೂಸನ್ನು ಕರೆತರಲು ಬಾದಾಮಿಗೆ ಹೋದಳು. ಗೆರೆ ಎದುರಿಗೆ ಬರುವಂತೆ ಉಟ್ಟಿದ್ದಳು, ಮುಚ್ಚಿಕೊಂಡಿರಲಿಲ್ಲ.

ಆದರೆ ಇದೆಲ್ಲ ಆಮೇಲಿನದು. ಅವತ್ತು ನಾನು ಗಾದಿ ಹತ್ತಿ ಕೂತೆ. ಮುನೀಮ ಇನ್ನೊಂದು ಸೀರೆ ಬಿಚ್ಚಿದ. ಮುಷ್ಕರ ಮುಗಿದ ಮೇಲೆ ಹೊಸ ಹಾಸಿನ ಮೇಲೆ ನೇಯ್ದದ್ದು, ಅಚ್ಚುಕಟ್ಟಾದ ಸೀರೆ. ಮುನೀಮನಿಗೆ ಆ ನೇಕಾರನನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. "ದಡಿ ಸೊಟ್ಟ ಐತಿ" ಎಂದು ಇದ್ದಿಲು ಎತ್ತಿದ.

"ಇಲ್ಲ," ಎಂದೆ. ಈ ಸಲ ಎಲ್ಲರ ಮುಖ ನೋಡಿಯೇ ಹೇಳಿದೆ. "ದಡಿ ನೆಟ್ಟಗೈತಿ."

ಸಾವ್ಕಾರರು ನನ್ನನ್ನು ನೋಡಿದರು. ಗಳುವಿನ ಪಕ್ಕ ಬಿದ್ದಿದ್ದ ಅಜ್ಜನ ಹಸಿರು ಸೀರೆಯನ್ನು ನೋಡಿದರು. ಬಾಗಲಕೋಟೆಗೆ ಹೇಳಿ ಕಳಿಸುವ ಮಾತನ್ನೇ ಎತ್ತಲಿಲ್ಲ.

"ಇಲ್ಲ ಅಂತಾರಲ್ಲ," ಎಂದರು ಮುನೀಮನಿಗೆ. "ಇದ್ದಲಿ ಕೆಳಗ ಇಡು."

ಅಷ್ಟರಲ್ಲಿ ನಮ್ಮ ಬೀದಿಯ ಕಡೆಯಿಂದ ಒಂದೇ ಒಂದು ಮಗ್ಗದ ಸದ್ದು ಬರತೊಡಗಿತು. ಜನರೆಲ್ಲ ಇಲ್ಲೇ ಇದ್ದರು, ಅಜ್ಜ ಮಾತ್ರ ಮನೆ ಮುಟ್ಟಿದ್ದ. ಈ ಸಲ ಯಾರೂ ಒನಕೆ ಹಿಡಿದು ಆ ಕಡೆ ಓಡಲಿಲ್ಲ.